ಹಂಗಲ್ಲ, ಹಿಂಗ

ಆ ಶುಕ್ರವಾರವೂ ನಮ್ಮ ಮನೆಯ ಬೆಳಗು ನೀರು ಸೋಸುವುದರಿಂದಲೇ ಶುರುವಾಯಿತು. ಗೋಕಾಕದ ನಮ್ಮ ಓಣಿಗೆ ಆರು ಗಂಟೆಗೆ ನಳ ಬರುತ್ತಿತ್ತು. ಅಷ್ಟರೊಳಗೆ ಅವ್ವ ಜಳಕ ಮುಗಿಸಿ, ಒದ್ದೆ ಕೂದಲನ್ನು ಹಳೆಯ ಧೋತರದ ತುಂಡಿನಲ್ಲಿ ಸುತ್ತಿಕೊಂಡು, ಹಿತ್ತಲ ಕಟ್ಟೆಯ ಮೇಲೆ ಮೂರು ತಾಮ್ರದ ಕೊಡಗಳನ್ನು ಸಾಲಾಗಿ ಇಟ್ಟಿರುತ್ತಿದ್ದಳು. ನಮ್ಮ ಜೈನರ ಮನೆಗಳಲ್ಲಿ ಸೋಸದ ನೀರು ಅಡುಗೆಮನೆಗೆ ಬರುವಂತಿಲ್ಲ. ಬಿಳಿ ಅರಿವೆಯನ್ನು ಎರಡು ಪದರು ಮಾಡಿ ಕೊಡದ ಬಾಯಿಗೆ ಕಟ್ಟುವುದು ನನ್ನ ಪಾಲಿನ ಕೆಲಸ. ನಾನು ಅದನ್ನು ಡೊಳ್ಳಿನ ಚರ್ಮದ ಹಾಗೆ ಬಿಗಿದುಬಿಡುತ್ತಿದ್ದೆ. ನೀರು ಮೇಲಿಂದಲೇ ಜಾರಿ ನನ್ನ ಕನ್ವೆಂಟಿನ ಬಿಳಿ ಕಾಲುಚೀಲ ತೋಯಿಸುತ್ತಿತ್ತು. ಅವ್ವ ಕೈಯಲ್ಲಿನ ಕೆಲಸ ಬಿಟ್ಟು ಬಂದು, ಅರಿವೆಯ ನಡುವೆ ಹೆಬ್ಬೆರಳಿನಿಂದ ಒಂದು ಕುಳಿ ಒತ್ತಿ, ತಿರುಗಿ ಒಳಗೆ ಹೋಗುತ್ತಿದ್ದಳು. ಹೋಗುವಾಗ ಅವೇ ಎರಡು ಮಾತು.

"ಹಂಗಲ್ಲ, ಹಿಂಗ."

ಅದು ಸಿಟ್ಟಿನ ಮಾತಾಗಿರಲಿಲ್ಲ. ದಿನಕ್ಕೆ ಎಷ್ಟು ಸಲ ಅನ್ನುತ್ತಿದ್ದಳೋ ಅವಳಿಗೂ ಗೊತ್ತಿರಲಿಲ್ಲ. ಅಪ್ಪ ಟೊಪ್ಪಿಗೆ ಇಟ್ಟುಕೊಂಡರೆ ಒಮ್ಮೆ, ನಾನು ರೊಟ್ಟಿಯ ಬುಟ್ಟಿ ಮುಚ್ಚಿದರೆ ಒಮ್ಮೆ, ಬಸದಿಯಲ್ಲಿ ಯಾರೋ ಅಕ್ಕಿಯ ಕಾಳಿನಿಂದ ಸ್ವಸ್ತಿಕ ಬರೆಯುತ್ತಿದ್ದರೆ ಅಲ್ಲಿಯೂ ಒಮ್ಮೆ. ಮಾತಿಗಿಂತ ಮೊದಲು ಅವಳ ಕೈ ಹೋಗಿರುತ್ತಿತ್ತು. ಮನೆಯ ಎಲ್ಲ ವಸ್ತುಗಳಿಗೂ ಸರಿಯಾದ ಒಂದು ಇರುವಿಕೆ ಇದೆ, ಅದು ತನಗೆ ಗೊತ್ತಿದೆ ಎಂಬುದಷ್ಟೇ ಅವಳ ನಂಬಿಕೆ. ಮೂಡಲಗಿಯಲ್ಲಿ ನಾಲ್ಕನೇ ಇಯತ್ತೆಯವರೆಗೆ ಕಲಿತು, ಹದಿನೇಳಕ್ಕೆ ಈ ಮನೆಗೆ ಬಂದವಳು. ಅವಳದು ಅಂತ ಈ ಮನೆಯಲ್ಲಿ ಇದ್ದದ್ದು ಆ ಎರಡು ಮಾತು.

ಹೋದ ಮಳೆಗಾಲದಲ್ಲಿ ನಮ್ಮ ಶಾಂತು ಕಾಕಾ ತೀರಿಕೊಂಡಾಗ ನಾನು ಹುಕ್ಕೇರಿಯಿಂದ ಗೋಕಾಕಕ್ಕೆ ಹೋದೆ. ಅಂಗಳದಲ್ಲಿ ಇಬ್ಬರು ಖುರ್ಚಿ ಹಾಕುತ್ತಿದ್ದರು. ಒಬ್ಬ ಹಾಕಿದ್ದನ್ನು ಇನ್ನೊಬ್ಬ ಸರಿಸುತ್ತ "ಹಂಗಲ್ಲ, ಹಿಂಗ" ಎಂದ, ಥೇಟು ಕಾಕಾನ ದನಿಯಲ್ಲಿ. ಇಬ್ಬರೂ ನಕ್ಕು, ನಕ್ಕದ್ದಕ್ಕೆ ನಾಚಿ, ಟಾವೆಲ್ಲಿನಿಂದ ಕಣ್ಣು ಒರೆಸಿಕೊಂಡರು. ಕಾಕಾ ಮೊದಲು ನಮ್ಮ ಭಾಗದ ಸಣ್ಣ ರೇಡಿಯೋ ಕೇಂದ್ರದಲ್ಲಿ, ಆಮೇಲೆ ಗಣಪತಿ ಮಂಟಪಗಳಲ್ಲಿ, ಮದುವೆಮನೆಗಳಲ್ಲಿ, ಊರೂರಿನ ವೇದಿಕೆಗಳಲ್ಲಿ ಒಬ್ಬ ಹೆಣ್ಣುಮಗಳ ದನಿ ಮಾಡಿ ನಗಿಸುತ್ತಿದ್ದ. ಎಲ್ಲವನ್ನೂ ತಿದ್ದುವ ಒಬ್ಬ ವೈನಿ, ಅಂದರೆ ಅತ್ತಿಗೆ, ಅವಳು. ಸಂತಾಪಕ್ಕೆ ಬಂದ ಹಿರಿಯರೊಬ್ಬರು, ಆ ಮಾತನ್ನು ಹುಟ್ಟಿಸಿದವನೇ ನಮ್ಮ ಶಾಂತಿನಾಥ ಎಂದು ಹೇಳಿದರು. ನಾನು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂತೆ. ಅವ್ವ ಹೋಗಿ ವರ್ಷಗಳಾದವು. ಆ ಮಾತು ಯಾರದು, ರೇಡಿಯೋದಲ್ಲಿ ಮೊದಲ ಸಲ ಬಂದ ದಿನವೇ ಅದು ಹೇಗೆ ಬಾಯಿ ಮುಚ್ಚಿಕೊಳ್ಳುವುದರಲ್ಲಿತ್ತು ಎಂದು ಬಲ್ಲವಳು ಈಗ ನಾನೊಬ್ಬಳೇ.

ಕಾಕಾ ಅಪ್ಪನ ಕಡೆಯ ತಮ್ಮ. ಅವ್ವ ಮದುವೆಯಾಗಿ ಬಂದಾಗ ಅವನಿಗೆ ಎಂಟು ವರ್ಷ, ತಾಯಿ ಇಲ್ಲದವನು. ಅವನ ತಲೆ ಬಾಚಿದ್ದು, ಜ್ವರಕ್ಕೆ ಕಷಾಯ ಕುಡಿಸಿದ್ದು, ಸುಳ್ಳು ಹೇಳಿದಾಗ ಕಿವಿ ಹಿಂಡಿದ್ದು ಎಲ್ಲ ಅವಳೇ. ದೊಡ್ಡವನಾದ ಮೇಲೆ ಅಪ್ಪನ ಕಿರಾಣಿ ಅಂಗಡಿಯಲ್ಲಿ ಕೂತ. ಕೂತ ಅನ್ನುವುದು ಹೆಸರಿಗೆ. ಬೆಲ್ಲ ತೂಗುತ್ತ, ಕೊಳ್ಳಲು ಬಂದವರ ದನಿಯನ್ನೇ ತೆಗೆದು ಅವರಿಗೆ ಉತ್ತರ ಕೊಡುತ್ತಿದ್ದ. ಬಂದವರು ನಗುತ್ತ ನಿಂತುಬಿಡುತ್ತಿದ್ದರು, ಕಲ್ಲುಸಕ್ಕರೆಯ ಡಬ್ಬಿಯ ಮುಚ್ಚಳ ತೆರೆದೇ ಇರುತ್ತಿತ್ತು, ಇರುವೆ ಸಾಲುಗಟ್ಟುತ್ತಿದ್ದವು. ಅಪ್ಪನಿಗೆ ಇದು ಸೇರುತ್ತಿರಲಿಲ್ಲ. ಯಮಕನಮರಡಿಯಲ್ಲಿ ನಮ್ಮ ಸೋದರಮಾವನ ಲಾರಿ ಆಫೀಸಿತ್ತು. ಅಲ್ಲಿಗೆ ಕಳಿಸುತ್ತೇನೆ, ಅಲ್ಲಿ ಲಾರಿಗಳ ದನಿ ತೆಗೆಯಲಿ ಎಂದು ನಿಶ್ಚಯಿಸಿದ್ದ. ಅದೇ ವೇಳೆಗೆ ಕಾಕಾನಿಗೆ ರೇಡಿಯೋ ಕೇಂದ್ರದಿಂದ ಧ್ವನಿ ಪರೀಕ್ಷೆಯ ಕಾರ್ಡು ಬಂತು. ಅಂದು ಅಪ್ಪನಿಗೆ ತಾಟು ಬಡಿಸುತ್ತ ಅವ್ವ, ಎಂದೂ ಯಾರ ಪರವಾಗಿಯೂ ಮಾತಾಡದವಳು, ಕಣ್ಣೆತ್ತದೆ ಹೇಳಿದಳು:

"ಒಂದ ಸಲ ನೋಡೂನ್ರಿ. ಆಗಲಿಲ್ಲಂದ್ರ ನಾನs ಅವನ ಅರಿವಿ ಕಟ್ಟಿ ಬಸ್ಸಿಗೆ ಕೂಡಸ್ತೇನಿ."

ಮೊದಲ ಸಲದ ಪರೀಕ್ಷೆ ಕೆಟ್ಟದ್ದು ನನ್ನಿಂದ. ಕಾಕಾ ತಾನು ಬರೆದ ನಗೆಮಾತನ್ನು ನನ್ನ ಕೈಗೆ ಕೊಟ್ಟು, ದುಂಡಗಿನ ಅಕ್ಷರದಲ್ಲಿ ಬರೆದುಕೊಡು ಎಂದಿದ್ದ. ನಾನು ಕನ್ವೆಂಟಿನ ಹುಡುಗಿ. ಅಲ್ಲಿ ಸಿಸ್ಟರುಗಳ ಮುಂದೆ ಕನ್ನಡ ಆಡುವಂತಿರಲಿಲ್ಲ. ಆಡಿದವಳ ಕೊರಳಿಗೆ ಒಂದು ಮರದ ಬಿಲ್ಲೆ ಬೀಳುತ್ತಿತ್ತು. ಕನ್ನಡದ ತಾಸಿನಲ್ಲಿ ಕನ್ನಡ ಬರೆಯಬಹುದಿತ್ತು, ಆದರೆ 'ಐತಿ' ಎಂದು ಬರೆದರೆ ಕನ್ನಡ ಕಲಿಸುವ ಬಾಯಿಯವರು ಕೆಂಪು ಶಾಯಿಯಿಂದ ಸುತ್ತು ಹಾಕಿ ಪಕ್ಕದಲ್ಲಿ 'ಇದೆ' ಎಂದು ಬರೆಯುತ್ತಿದ್ದರು. ಹೀಗಾಗಿ ನನಗೆ ತಿಳಿದದ್ದು ಇಷ್ಟು: ಮನೆಯ ಮಾತು ಬಾಯಿಗೆ, ಬರೆಯುವ ಮಾತು ಬೇರೆ. ಕಾಕಾನ ಹಾಳೆಯಲ್ಲಿ 'ಎಲ್ಲಿ ಹೊಂಟೀ' ಅಂತಿದ್ದದ್ದನ್ನು ನಾನು 'ಎಲ್ಲಿಗೆ ಹೊರಟಿರುವೆ' ಮಾಡಿದೆ. 'ಯಾಕ ಹಲ್ಲ ಕಿಸೀತಿ' ಇದ್ದದ್ದು 'ಏಕೆ ನಗುತ್ತಿರುವೆ' ಆಯಿತು. ಕಾಕಾ ನನ್ನ ವಿದ್ಯೆಯ ಮೇಲೆ ಭಾರ ಹಾಕಿ ಅದನ್ನೇ ಮೈಕಿನ ಮುಂದೆ ಓದಿದ. ಅಲ್ಲಿನ ಸಾಹೇಬರು ಪೂರ್ತಿ ಕೇಳಿ, ಚಸ್ಮಾ ತೆಗೆದು ಮೇಜಿನ ಮೇಲೆ ಇಟ್ಟರಂತೆ.

"ನಿಮ್ಮ ಮನ್ಯಾಗ ಹಿಂಗ ಮಾತಾಡ್ತೀರೇನ್ರಿ?"

"ಇಲ್ರಿ."

"ಮತ್ತ ಯಾರ ಮನ್ಯಾಗ ಮಾತಾಡ್ತಾರ?"

"ಯಾರ ಮನ್ಯಾಗೂ ಇಲ್ರಿ ಸಾಹೇಬ್ರ. ನಮ್ಮ ಹುಡುಗಿ ನೋಟಬುಕ್ಕಿನ್ಯಾಗ ಅಷ್ಟ."

ಆ ಉತ್ತರಕ್ಕೆ ಸಾಹೇಬರು ನಕ್ಕರಂತೆ. ಆ ನಗುವಿನಿಂದ ಅವನಿಗೆ ಇನ್ನೊಂದು ಸಲ ಬರಲು ಹೇಳಿದರು. ರೈತರ ಕಾರ್ಯಕ್ರಮಕ್ಕೆ ಬಿತ್ತನೆಯ ಬೀಜದ ಬಗ್ಗೆ ಏನಾದರೂ ತಯಾರಿ ಮಾಡಿಕೊಂಡು ಬಾ, ಮನೆಯಲ್ಲಿ ಆಡುವ ಹಾಗೆ ಆಡು ಎಂದರು.

ಕಾಕಾ ಮನೆಗೆ ಬಂದು ನನ್ನನ್ನು ಬೈಯಲಿಲ್ಲ. ಅಡುಗೆಮನೆಯ ಹೊಸ್ತಿಲ ಮೇಲೆ ಕೂತು, ಶೇಂಗಾ ಸುಲಿಯುವ ನೆಪದಲ್ಲಿ ಎರಡು ದಿನ ಅವ್ವನ ಮಾತು ಕೇಳಿದ. ಅವನ ತುಟಿ ಸಣ್ಣಗೆ ಅಲ್ಲಾಡುತ್ತಿದ್ದದ್ದನ್ನು ನಾನು ಕಂಡಿದ್ದೇನೆ. ಮೂರನೇ ದಿನ ಅಪ್ಪ ಅಂಗಡಿಗೆ ಕರೆದ. ಹೋಗುವ ಮುಂಚೆ ಕಾಕಾ ನನಗೆ ಒಂದು ಕೆಲಸ ಒಪ್ಪಿಸಿದ:

"ವೈನಿ ಏನೇನ ಅಂತಾರ ಎಲ್ಲಾ ಬರದ ಇಡವಾ ಸುಜೂ. ಒಂದಕ್ಷರ ಬಿಡಬ್ಯಾಡ. ಮತ್ತ ಅವರಿಗಿ ಹೇಳಬ್ಯಾಡ, ಹೇಳಿದ್ರ ಅವರ ಮಾತ ನಾಚಿಕೊಂಡ ಒಳಗ ಹೋಗಿಬಿಡ್ತಾವ."

ಮಾರಲ್ ಸಾಯನ್ಸ್ ನೋಟಬುಕ್ಕಿನ ಹಿಂದಿನ ಹಾಳೆಗಳಲ್ಲಿ ನಾನು ಬರೆಯತೊಡಗಿದೆ. ತಾಮ್ರದ ಕೊಡವನ್ನು ನಾನು ಹುಣಸೆಹಣ್ಣು ಹಚ್ಚಿ ಹೊರಗಷ್ಟೇ ಬೆಳಗಿ ಒಳಗೆ ಹಾಗೇ ಬಿಟ್ಟಾಗ ಅವಳು ಅಂದದ್ದು, ಕೂಸಿಗೆ ಎಣ್ಣಿ ಹಚ್ಚಂದ್ರ ತೊಟ್ಟಿಲಕ್ಕ ಹಚ್ಚಿದಿ ಎಂದದ್ದು. ಸಾಬೂನು ನೀರಲ್ಲಿ ಮರೆತಾಗ ಅಂದದ್ದು. ಬೆಕ್ಕಿಗೆ ಅಂದದ್ದು. ಅಷ್ಟರಲ್ಲಿ ಒಂದು ಸಂಜೆ, ಮೂಡಲಗಿಯಲ್ಲಿ ಅವಳ ತಂಗಿಯ ಕೂಸಿಗೆ ಹೆಸರಿಡುವ ಸಮಾರಂಭ, ಹೋಗಿ ಬರುತ್ತೇನೆ ಎಂದು ಅವ್ವ ಕೇಳಿದಳು. ಅಪ್ಪ, ಮನೆಗೆ ಬೀಗರು ಬರುವವರಿದ್ದಾರೆ, ಈಗ ಬೇಡ ಎಂದು ಚಪ್ಪಲಿ ಮೆಟ್ಟಿ ಹೋದ. ಅವ್ವ ಒಲೆಯ ಮುಂದೆ ಕೂತು, ಊದುಗೊಳವೆಯನ್ನು ಕೆಳಗಿಟ್ಟು, ಒಲೆಗೇ ಹೇಳಿದಳು: ಈ ಮನ್ಯಾಗ ನನ್ನ ಮಾತ ಎಂದರ ಹೊಸ್ತಲಾ ದಾಟೇತೇನ? ನಾನು ಬಾಗಿಲ ಹಿಂದೆ ಇದ್ದೆ. ಕಾಕಾ ಒಂದಕ್ಷರವೂ ಬಿಡಬೇಡ ಎಂದಿದ್ದನಲ್ಲ. ಅದನ್ನೂ ಬರೆದೆ.

ಕಾಕಾ ಅದನ್ನೆಲ್ಲ ಓದಿಕೊಂಡು, ಮಂಗಳವಾರ ಹೋಗಿ ಧ್ವನಿಮುದ್ರಣ ಮುಗಿಸಿ ಬಂದ. ಗಂಡಸು ಹೆಂಗಸು ಎರಡೂ ದನಿ ತಾನೇ ಮಾಡಿದನಂತೆ. ಶುಕ್ರವಾರ ಸಂಜೆ ಐದೂಮುಕ್ಕಾಲಿಗೆ ಪ್ರಸಾರ. ಕೇಳುವ ಜನಕ್ಕೆ ಹಿಡಿಸಿದರೆ ವಾರ ವಾರವೂ ಬಾ ಎಂದಿದ್ದಾರೆ. ಹಿತ್ತಲಲ್ಲಿ ನನ್ನ ಕಿವಿಯಲ್ಲಿ ಕಾಕಾ ಯಾವ ಯಾವ ಮಾತು ಹಾಕಿದ್ದೇನೆಂದು ಹೇಳುತ್ತ ಹೋದ. ಹೊಸ್ತಿಲಿನ ಮಾತೂ ಇತ್ತು.

ಇದೆಲ್ಲ ತಲೆಯಲ್ಲಿದ್ದುದರಿಂದಲೇ ಆ ಶುಕ್ರವಾರ ಬೆಳಿಗ್ಗೆ ನೀರು ನನ್ನ ಕಾಲುಚೀಲದ ಮೇಲೆ ಇನ್ನಷ್ಟು ಚೆಲ್ಲಿತು. ಅವ್ವ ಮಾತ್ರ ಎಂದೂ ಇಲ್ಲದ ಹುರುಪಿನಲ್ಲಿದ್ದಳು. ಹಿತ್ತಲ ಗೋಡೆಯ ಆಚೆ ಕುರುಬರ ಲಗಮವ್ವ ಆಯಿಯ ಮನೆ. ಅವ್ವ ಒಗೆಯುವ ಕಲ್ಲಿನ ಮೇಲೆ ಹತ್ತಿ ನಿಂತು ಗೋಡೆಯ ಮೇಲಿಂದ ಕೂಗಿದಳು.

"ಆಯಿ, ಇವತ್ತ ಸಂಜೀಕ ನಮ್ಮ ಶಾಂತೂನ ಮಾತ ರೇಡಿಯೋದಾಗ ಬರ್ತೈತ್ರಿ. ಮರೀಬ್ಯಾಡ್ರಿ, ಬರ್ರಿ."

"ದಿನಾ ಅಂಗಡ್ಯಾಗ ಮಾತಾಡೂದ ಸಾಲಲಿಲ್ಲಂತ ರೇಡಿಯೋದಾಗ ಬ್ಯಾರೆ ಮಾತಾಡ್ತಾನೇನ ಅಂವಾ? ಹೋದ ಸಲಾ ನಿಮ್ಮ ರೇಡಿಯೋ ನಡುವs ಗೊರಕಿ ಹೊಡದಿತ್ತ. ಸೆಲ್ ಹಾಕೀಯಿಲ್ಲೋ ಪದ್ಮವ್ವಾ?"

"ಹೊಸಾವ ಹಾಕೇನ್ರಿ ಆಯಿ."

ಕಾಕಾ ಚಹಾದ ಬಸಿಯನ್ನು ಊದುತ್ತ ಇದನ್ನೆಲ್ಲ ಕೇಳಿದ. ಅಂಗಡಿಯ ಸಾಮಾನಿಗೆ ಘಟಪ್ರಭಾಕ್ಕೆ ಹೋಗಿ ಬರುತ್ತೇನೆ ಎಂದು ಎದ್ದ. ಅವ್ವ ಸಂಜೆ ಊಟಕ್ಕೆ ಹೊತ್ತು ಮಾಡಬೇಡ ಎಂದಳು. ನಮ್ಮಲ್ಲಿ ಸೂರ್ಯ ಮುಳುಗಿದ ಮೇಲೆ ಬಾಯಿಗೆ ಅನ್ನ ಮುಟ್ಟಿಸುವುದಿಲ್ಲ. ಹೊತ್ತು ಮೀರಿ ಬಂದವನು ಮರುದಿನ ಬೆಳಗಿನವರೆಗೆ ಹಸಿದಿರಬೇಕು. ಕಾಕಾ ತಲೆ ಆಡಿಸಿ ಸಾಯಕಲ್ಲು ಹಿಡಿದು ಹೊರಬಿದ್ದ. ಸಾಲೆಗೆ ಹೊರಟ ನಾನು ಓಣಿಯ ತಿರುವಿನವರೆಗೆ ಅವನ ಜೊತೆ ನಡೆದೆ.

"ಸುಜೂ, ನಾ ಮನ್ಯಾಗ ಕೂತ ಕೇಳಾಂಗಿಲ್ಲವಾ. ಟೇಶನ್ ಮುಂದಿನ ಚಾದ ಅಂಗಡ್ಯಾಗ ಕೇಳ್ತೇನಿ."

"ಯಾಕ ಕಾಕಾ?"

"ಅಲ್ಲಿ ನಮ್ಮ ವೈನಿ ಇರಾಂಗಿಲ್ಲ."

ನಗಿಸಲು ಹೇಳಿದನೇನೋ. ಆದರೆ ತಾನೇ ನಗಲಿಲ್ಲ. ಅವ್ವನಿಗೆ ಮೊದಲೇ ಹೇಳಿಬಿಡೋಣ ಎಂದು ನಾನೆಂದೆ. ಹೇಳಿದರೆ ಅವರು ಬೇಡ ಅನ್ನುತ್ತಾರೆ, ಬೇಡ ಅಂದರೆ ನಾನು ಯಮಕನಮರಡಿ ಎಂದ. ಆ ದಿನ ಸಾಲೆಯಲ್ಲಿ ಏನು ಕಲಿಸಿದರೋ ನೆನಪಿಲ್ಲ. ಮಾರಲ್ ಸಾಯನ್ಸ್ ತಾಸಿನಲ್ಲಿ ಸಿಸ್ಟರ್ ನೋಟಬುಕ್ಕು ತೆಗೆಯಲು ಹೇಳಿದಾಗ ನಾನು ಹಿಂದಿನ ಹಾಳೆಗಳನ್ನು ಮೊಣಕೈಯಿಂದ ಒತ್ತಿ ಹಿಡಿದು ಕೂತಿದ್ದೆ. ಕೈ ಜೋಮು ಹಿಡಿದಿತ್ತು.

ಮನೆಗೆ ಬಂದಾಗ ಮೊದಲ ಮಳೆ ಸುರಿದು ಹೋಗಿ ಆಕಾಶ ತೊಳೆದಂತಿತ್ತು. ಅವ್ವ ನಮಗೆಲ್ಲ ಐದೂವರೆಗೇ ಬಡಿಸಿ ಮುಗಿಸಿದಳು. ಜೋಳದ ರೊಟ್ಟಿ, ಮಡಕೆಕಾಳಿನ ಪಲ್ಯ, ಶೇಂಗಾ ಹಿಂಡಿ, ಮೊಸರು. ಕಾಕಾನ ತಾಟನ್ನು ಇನ್ನೊಂದು ತಾಟಿನಿಂದ ಮುಚ್ಚಿ, ಪಲ್ಯ ಆರದಂತೆ ಬಟ್ಟಲನ್ನು ಒಲೆಯ ಬದಿಗೆ ಸರಿಸಿ ಇಟ್ಟಳು. ಪಡಸಾಲೆಯಲ್ಲಿ ಸ್ಟೂಲಿನ ಮೇಲೆ ರೇಡಿಯೋ. ಅದರ ಮೇಲಿನ ಕ್ರೋಶಾದ ಹೊದಿಕೆಯನ್ನು, ಎರಡು ಗಿಳಿಗಳ ಕೊಕ್ಕು ಕೂಡುವಂತೆ ತಾನೇ ಹೆಣೆದದ್ದನ್ನು, ನಾಲ್ಕು ಮಡಿಕೆ ಮಾಡಿ ಮಡಿಲಲ್ಲಿ ಇಟ್ಟುಕೊಂಡು ಕೂತಳು. ಓಣಿಯ ಎಂಟು ಹತ್ತು ಹೆಂಗಸರು ಚಾಪೆಯ ಮೇಲೆ. ಲಗಮವ್ವ ಆಯಿ ಕಂಬಕ್ಕೆ ಒರಗಿ ಕಾಲು ಚಾಚಿಕೊಂಡು. ಅಪ್ಪ ಏನೋ ಬೀಗದ ಕೈ ಮರೆತವನ ಹಾಗೆ ಅಂಗಡಿಯಿಂದ ಬಂದು, ಬೀಗದ ಕೈ ಹುಡುಕದೆ ಬಾಗಿಲ ಬಳಿಯ ಖುರ್ಚಿಯಲ್ಲಿ ಕೂತ.

ಗೊಬ್ಬರದ ಮಾತು, ಹವಾಮಾನದ ಮಾತು ಮುಗಿದವು. ಆಮೇಲೆ ಬಾಳಪ್ಪ ಎಂಬ ರೈತ ಬಂದ. ಕಾಕಾನ ದನಿಯೇ, ಸ್ವಲ್ಪ ದಡ್ಡತನ ಬೆರೆಸಿದ್ದು.

"ವೈನಿ, ಬಿತ್ತೂ ಬೀಜಕ್ಕ ಔಷಧ ಹಚ್ಚೇನ್ರಿ."

ಅದಕ್ಕೆ ರೇಡಿಯೋದಿಂದ ಉತ್ತರ ಬಂತು. ಸ್ವಲ್ಪ ಮೂಗಿನಿಂದ, ಅವಸರ ಇಲ್ಲದ, ಕೈಯಲ್ಲಿ ಏನೋ ಕೆಲಸ ಇಟ್ಟುಕೊಂಡು ಮಾತಾಡುವ ದನಿ.

"ಎಲ್ಲಿ ಹಚ್ಚೀದಿ?"

"ಚೀಲದ ಮ್ಯಾಲ ಸುರದೇನ್ರಿ."

"ಹಂಗಲ್ಲ, ಹಿಂಗ. ಕೂಸಿಗೆ ಎಣ್ಣಿ ಹಚ್ಚಂದ್ರ ತೊಟ್ಟಿಲಕ್ಕ ಹಚ್ಚತಾರೇನ?"

ಹೆಂಗಸರು ಒಮ್ಮೆಲೇ ನಕ್ಕರು. ಅವ್ವನೂ ನಕ್ಕಳು, ಅದು ನನಗೆ ಇಂದಿಗೂ ಮರೆಯದ ನಗು, ತನ್ನ ಮಾತೆಂದು ತಿಳಿಯುವ ಮೊದಲಿನ ನಗು. ಎರಡನೇ ಸಲ ಆ ಮಾತು ಬಂದಾಗ ಅವಳ ಕೈ ಹೊದಿಕೆಯ ಗಿಳಿಯ ಮೇಲೆ ನಿಂತಿತು. ಮೂರನೇ ಸಲಕ್ಕೆ ನಗುತ್ತಿದ್ದವರು ಒಬ್ಬೊಬ್ಬರಾಗಿ ಅವಳ ಕಡೆ ತಿರುಗಿದರು. ಹಿಟ್ಟಿನ ಗಿರಣಿಯ ಮನೆಯಾಕೆ ಬಾಯಿಗೆ ಸೆರಗು ಒತ್ತಿಕೊಂಡು ಕೇಳಿದಳು:

"ಏನ್ರಿ ವೈನಿ, ನಮಗ ಹೇಳದs ನೀವೂ ರೇಡಿಯೋದಾಗ ಹೋಗಿ ಬಂದೀರೇನ?"

ಮತ್ತೆ ನಗು. ಆ ನಗುವಿನ ನಡುವೆ ರೇಡಿಯೋದ ಹೆಣ್ಣುಮಗಳು ಬಾಳಪ್ಪನಿಗೆ ಸೋತು ಹೇಳಿದಳು: "ಹೋಗಲಿ ಬಿಡಪಾ. ಈ ಮನ್ಯಾಗ ನನ್ನ ಮಾತ ಎಂದರ ಹೊಸ್ತಲಾ ದಾಟೇತೇನ?" ಎಲ್ಲರೂ ಅದಕ್ಕೂ ನಕ್ಕರು. ನಗದವರು ಮೂವರು. ಅವ್ವ, ನಾನು, ಮತ್ತು ಖುರ್ಚಿಯಲ್ಲಿ ಕೂತಿದ್ದ ಅಪ್ಪ. ಅಪ್ಪ ತನ್ನ ಎರಡೂ ಅಂಗೈಗಳನ್ನು ಮೊಣಕಾಲ ಮೇಲೆ ಇಟ್ಟುಕೊಂಡು ಅವನ್ನೇ ನೋಡುತ್ತಿದ್ದ.

ಹೆಂಗಸರು ಶಾಂತೂನ ಹೊಗಳುತ್ತ ಎದ್ದರು. ಆಯಿ ಕುರಿಮರಿಗಳನ್ನು ಕೂಡಬೇಕು ಎಂದು ಅವಸರದಲ್ಲಿ ಹೋದಳು. ಅವ್ವ ರೇಡಿಯೋ ಬಂದ್ ಮಾಡಿ, ಹೊದಿಕೆ ಹೊದಿಸಿ ಒಳಗೆ ನಡೆದಳು. ಹೊದಿಕೆ ಒಂದು ಕಡೆ ಜೋತುಬಿದ್ದಿತ್ತು. ಒಂದು ಗಿಳಿ ಹಿಂದಕ್ಕೆ ಹೋಗಿತ್ತು. ಅವಳ ಕೈಯಿಂದ ಒಂದು ವಸ್ತು ಓರೆಯಾಗಿ ಉಳಿದದ್ದನ್ನು ನಾನು ಕಂಡದ್ದು ಅದೇ ಮೊದಲು. ಅಪ್ಪ ಅಡುಗೆಮನೆಯ ಬಾಗಿಲವರೆಗೆ ಬಂದು ನಿಂತ.

"ಮೂಡಲಗಿಗೆ ಯಾವಾಗ ಹೋಗಬೇಕಂದಿದ್ದಿ?"

"ಹೆಸರಿಟ್ಟ ಹದಿನೈದ ದಿನಾ ಆತ್ರಿ," ಅಂದಳು ಅವ್ವ. ದನಿಯಲ್ಲಿ ಏನೂ ಇರಲಿಲ್ಲ. ಅಪ್ಪ ಚಪ್ಪಲಿ ಮೆಟ್ಟಿ ಅಂಗಡಿ ಕಡೆ ಹೋದ.

ನಾನು ಚಾಪೆ ಸುತ್ತಿದೆ. ಉದ್ದಕ್ಕೆ ಸುತ್ತಬೇಕಾದದ್ದನ್ನು ಅಡ್ಡ ಸುತ್ತಿದ್ದೆ. ಅವ್ವ ನೋಡಿದಳು. ಅವಳ ತುಟಿ ತೆರೆದು, ಹಾಗೆಯೇ ಕೂಡಿಕೊಂಡಿತು. ನನಗೆ ಹೆದರಿಕೆಯಾಯಿತು. ನೀರಿನ ಕೊಡಕ್ಕೆ ಅರಿವೆ ಕಟ್ಟಿದೆ, ಬೇಕೆಂದೇ ಒಂದೇ ಪದರು, ಬೇಕೆಂದೇ ಬಿಗಿಯಾಗಿ, ಅವಳ ಕಣ್ಣ ಮುಂದೆಯೇ. ಅವಳು ಬಂದು ಅರಿವೆ ಬಿಚ್ಚಿ, ಎರಡು ಪದರು ಮಾಡಿ, ಕುಳಿ ಒತ್ತಿ ಹೋದಳು. ಮಾತಿಲ್ಲ. ಅವಳ ಹೆಬ್ಬೆರಳು ಮಾತು ಕಳೆದುಕೊಂಡಿತ್ತು, ಕನ್ವೆಂಟಿನ ಮರದ ಬಿಲ್ಲೆಯನ್ನು ನಾನೇ ಅವಳ ಕೊರಳಿಗೆ ಹಾಕಿದಂತೆ ಅನಿಸಿತು.

ನಮ್ಮ ಅಡುಗೆಮನೆಗೆ ಗಡಿಯಾರ ಇರಲಿಲ್ಲ. ಹಿತ್ತಲ ಬಾಗಿಲಿನಿಂದ ಕಾಣುವ ಲಗಮವ್ವ ಆಯಿಯ ಮನೆಯ ಗೋಡೆಯೇ ಗಡಿಯಾರ. ಇಳಿಬಿಸಿಲು ಆ ಗೋಡೆಯಲ್ಲಿನ ಗೂಡು ಮುಟ್ಟಿದರೆ ತಾಟು ಹಾಕುವ ಹೊತ್ತು. ಮೇಲಿನ ಹೆಂಚು ಹತ್ತಿದರೆ ತಾಟು ಎತ್ತುವ ಹೊತ್ತು. ಬಿಸಿಲು ಗೂಡನ್ನು ದಾಟಿ ಒಂದು ಗೇಣು ಮೇಲೇರಿದಾಗ ಕಾಕಾ ಬಂದ. ಸಾಯಕಲ್ಲಿನ ಗಂಟೆ ಬಾರಿಸಲಿಲ್ಲ. ಹಿತ್ತಲಿನಿಂದ ಬಂದು, ಚಪ್ಪಲಿ ಬಿಟ್ಟು, ಹೊಸ್ತಿಲ ಆಚೆಯೇ ನಿಂತ. ಮುಚ್ಚಿದ ತಾಟು ಒಲೆಯ ಬಳಿ ಇತ್ತು. ಅವ್ವ ಅದನ್ನು ಮುಟ್ಟಲಿಲ್ಲ.

"ವೈನಿ, ತಪ್ಪಾತ್ರಿ."

ಅವ್ವ ಒಲೆಯ ಬೂದಿ ಕೆದಕಿದಳು.

"ಚಾದ ಅಂಗಡ್ಯಾಗ ಮಂದಿ ಎಲ್ಲಾ ನಕ್ಕರ್ರಿ. ನನಗs ಚಾ ಗಂಟಲದಾಗ ಇಳೀಲಿಲ್ಲ. ನೀವ ಬ್ಯಾಡ ಅಂದ್ರ ನಾಳೆ ಹೋಗಿ ಸಾಹೇಬ್ರಿಗೆ ಒಲ್ಲೆ ಅಂತ ಹೇಳ್ತೇನಿ. ಹಂಗs ಯಮಕನಮರಡಿ ಬಸ್ ಹಿಡೀತೇನ್ರಿ."

"ಹೊಸ್ತಲಾ ದಾಟಿಸಿ ಬಂದಿ. ಈಗ ಬ್ಯಾಡ ಅಂದ್ರ ತಿರುಗಿ ಬರ್ತೈತೇನ ಅದು?" ಅವ್ವ ಮೊದಲ ಸಲ ಅವನ ಮುಖ ನೋಡಿದಳು. "ಆ ಮಾತ ನಾ ಒಲಿ ಮುಂದ ಅಂದದ್ದ. ನೀ ಅಂಗಡ್ಯಾಗಿದ್ದಿ. ನಿನಗ್ಯಾರ ಹೇಳಿದ್ರ?"

"ಗ್ವಾಡಿಗಿ ಕಿವಿ ಇರ್ತಾವಂತರ್ರೀ…"

"ಯಾವ ಗ್ವಾಡಿ? ಕರಿ ಅದನ್ನ."

ಆ ಗೋಡೆ ನಾನೇ. ಪಾಟೀಚೀಲದಿಂದ ನೋಟಬುಕ್ಕು ತಂದು, ಹಿಂದಿನ ಹಾಳೆ ತೆರೆದು ಅವಳ ಮುಂದೆ ಇಟ್ಟೆ. ಅವ್ವ ಕೈ ಒರೆಸಿಕೊಂಡು ಅದನ್ನು ಎತ್ತಿಕೊಂಡಳು. ಹಿತ್ತಲ ಮೆಟ್ಟಿಲ ಮೇಲೆ, ಬೆಳಕಿದ್ದಲ್ಲಿ ಕೂತು, ಸಾಲಿನ ಕೆಳಗೆ ಬೆರಳು ಸರಿಸುತ್ತ, ಸಾಲೆಯ ಹುಡುಗಿಯ ಹಾಗೆ ಗಟ್ಟಿಯಾಗಿ ಓದಿದಳು. ಕಾಕಾ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ. ನಾನು ಅವಳ ಮುಖ ನೋಡಲಾರದೆ ಅವಳ ಬೆರಳನ್ನೇ ನೋಡುತ್ತಿದ್ದೆ. ಉಗುರಿನಲ್ಲಿ ಜೋಳದ ಹಿಟ್ಟು ಒಣಗಿತ್ತು.

"'ಮಗುವಿಗೆ ಎಣ್ಣೆ ಹಚ್ಚು ಎಂದರೆ ತೊಟ್ಟಿಲಿಗೆ ಹಚ್ಚಿರುವೆ.' ಇದ ಯಾರ ಅಂದದ್ದ?"

"ನೀನs ಅವ್ವಾ."

"ನಾ ಎಂದ ಅಂದೇನಿ ಹಚ್ಚಿರುವೆ ಪಚ್ಚಿರುವೆ ಅಂತ?" ಹಾಳೆ ತಿರುವಿದಳು. "'ಎಲೈ ಬೆಕ್ಕೇ, ಅಲ್ಲಿಂದ ಏಳು.' ಆ ಬೆಕ್ಕ ನನ್ನ ಮಾತ ಕೇಳಿ ಏಳ್ತೈತಿ. ಇದನ್ನ ಕೇಳಿದ್ರ ಕೈ ಮುಗದ ಕೂಡ್ತೈತಿ. 'ಹಾಗಲ್ಲ, ಹೀಗೆ'… ನೋಡ ಶಾಂತೂ. ಈ ಹುಡುಗಿ ನನ್ನ ಮಾತೆಲ್ಲಾ ಒಯ್ದ ಕನ್ವೆಂಟಿಗಿ ಹಾಕೇತಿ."

ಕಾಕಾನ ಬಾಯಿಂದ ನಗು ಹಾರಿತು. ಕೂಡಲೆ ಕೈಯಿಂದ ಬಾಯಿ ಮುಚ್ಚಿಕೊಂಡ. ಆಮೇಲೆ ಮೆಲ್ಲಗೆ ಹೇಳಿದ:

"ಅದಕ್ಕs ನಾ ಅವನ್ನ ಬಿಡಿಸ್ಕೊಂಡ ತಿರುಗಿ ಮನಿಗೆ ಕರಕೊಂಡ ಬಂದೇನ್ರಿ ವೈನಿ."

ಅವ್ವ ಮತ್ತೊಂದು ಹಾಳೆ ತಿರುವಿದಳು. ಬೆರಳು ಹೊಸ್ತಿಲಿನ ಮಾತಿನ ಸಾಲಿಗೆ ಬಂದಿತ್ತು. ಅದನ್ನು ಗಟ್ಟಿಯಾಗಿ ಓದಲಿಲ್ಲ. ಎಷ್ಟೋ ಹೊತ್ತು ಅಲ್ಲೇ ಇಟ್ಟುಕೊಂಡಿದ್ದು, ಆ ಒಂದು ಸಾಲನ್ನು ಮಾತ್ರ ಹಾಳೆಯ ತುದಿಯಿಂದ ನೇರವಾಗಿ, ಅರಿವೆ ಹರಿದಂತೆ, ಹರಿದು ತೆಗೆದಳು. ಒಲೆಯ ಕೆಂಡದ ಮೇಲೆ ಹಾಕಿದಳು. ಅದು ಸುರುಳಿಯಾಗಿ ಕರಿಯಾಗುವವರೆಗೆ ನಾವು ಮೂವರೂ ನೋಡಿದೆವು.

"ಒಲಿ ಮುಂದ ಅಂದದ್ದ ಒಲಿ ಮುಂದs ಬಿಡ," ಎಂದಳು. "ಉಳದದ್ದ ಒಯ್ಯಿ."

ಗೋಡೆಯ ಮೇಲಿನ ಬಿಸಿಲು ಹೆಂಚಿಗೆ ನಾಲ್ಕು ಬೆರಳು ಇದ್ದಾಗ ಅವ್ವ ಎದ್ದು ಮುಚ್ಚಿದ ತಾಟು ತೆರೆದಳು. ಕಾಕಾ ಹೊಸ್ತಿಲು ದಾಟಿ ಬಂದು ಕೂತ. ಅಷ್ಟು ಅವಸರದಲ್ಲಿ ಯಾರೂ ಉಂಡದ್ದನ್ನು ನಾನು ನೋಡಿಲ್ಲ. ರೊಟ್ಟಿ ಮುರಿಯುತ್ತ ಮುರಿಯುತ್ತ ಕಣ್ಣು ಗೋಡೆಯ ಮೇಲೆ, ಕೆನ್ನೆ ಒದ್ದೆ. ಅವ್ವ ಅವನಿಗೆ ಮೊಸರು ಹಾಕಿ, ನನ್ನ ಕಡೆ ತಿರುಗಿ ನೋಟಬುಕ್ಕನ್ನು ನನ್ನ ತೊಡೆಯ ಮೇಲೆ ಇಟ್ಟಳು.

"ಪೆನ್ಸಿಲ್ ತಗಿ. ಬರೀದಾದ್ರ ನೆಟ್ಟಗ ಬರಿ. ಅಂವಾ ಎಷ್ಟಂತ ತಿದ್ದಕೋತಾನ."

'ಹಾಗಲ್ಲ, ಹೀಗೆ' ಎಂಬುದರ ಮೇಲೆ ಗೀಟು ಎಳೆದೆ. ಈ ಪುಟಗಳನ್ನು ಅಚ್ಚಿನ ಕನ್ನಡದಲ್ಲೇ ಬರೆಯುತ್ತಿದ್ದೇನೆ, ಕನ್ವೆಂಟಿನ ಕೈ ಇಷ್ಟು ವರ್ಷಕ್ಕೆ ಬದಲಾಗಲಿಲ್ಲ. ಆದರೂ ಅವ್ವನ ಮಾತು ಬಂದಲ್ಲೆಲ್ಲ ಆ ಸಂಜೆಯನ್ನು ನೆನೆದು ಒಂದು ಗಳಿಗೆ ನಿಲ್ಲುತ್ತೇನೆ, ಕಿವಿಯಲ್ಲಿ ಒಮ್ಮೆ ಕೇಳಿಸಿಕೊಂಡು ಆಮೇಲೆ ಬರೆಯುತ್ತೇನೆ. ಅಂದು ಹಾಗೆ ಕೇಳಿಸಿಕೊಳ್ಳುವುದು ಇನ್ನೂ ಗೊತ್ತಿರಲಿಲ್ಲ. ಪೆನ್ಸಿಲ್ಲಿನ ತುದಿ ಕಚ್ಚಿ, ಅರ್ಧ ಮನೆಯದು ಅರ್ಧ ಸಾಲೆಯದು ಮಾಡಿ, 'ಹಂಗಲ್ಲ, ಹೀಂಗೆ' ಎಂದು ಬರೆದು ತೋರಿಸಿದೆ. ಅವ್ವ ಬಗ್ಗಿ ನೋಡಿದಳು. ಅವಳ ಕೈ ಮಾತಿಗಿಂತ ಮೊದಲು ಬಂತು. ಹೆಬ್ಬೆರಳು ಕೊನೆಯ ಅಕ್ಷರದ ಮೇಲೆ ಒತ್ತಿ ಕೂತಿತು. ಆಮೇಲೆ, ಕಿವುಡರಿಗೆ ಹೇಳುವವರ ಹಾಗೆ ಗಟ್ಟಿಯಾಗಿ, ಬಿಡಿಬಿಡಿಯಾಗಿ ಅಂದಳು.

"ಹಂಗಲ್ಲ, ಹಿಂಗ."

ಗೋಡೆಯ ಆಚೆ ಕುರಿಗಳ ಸದ್ದು ಒಂದು ಕ್ಷಣ ನಿಂತಿತು. ಹೆಂಚಿನ ಮೇಲೆ ಬಿಸಿಲು ಒಂದು ಗೆರೆಯಷ್ಟು ಉಳಿದಿತ್ತು. ಕಾಕಾ ಕೊನೆಯ ತುತ್ತನ್ನು ಬಾಯಿಯ ಬಳಿ ಹಿಡಿದುಕೊಂಡೇ ಇದ್ದ. ಲಗಮವ್ವ ಆಯಿ ಕೊಟ್ಟಿಗೆಯ ಬಾಗಿಲಿಗೆ ಕೋಲು ಸಿಕ್ಕಿಸುತ್ತ ಆಚೆಯಿಂದಲೇ ಅಂದಳು:

"ಪದ್ಮವ್ವಾ, ಇನ್ನೂ ರೇಡಿಯೋ ಬಂದ್ ಮಾಡಿಲ್ಲೇನ ನೀ? ಹೊಸಾ ಸೆಲ್ ಸುಮ್ಮನ ತೀರ್ತಾವ ನೋಡ."